ನಿಮಗಿದು ಗೊತ್ತೇ? ಕರೆದರೂ ಬಾರದವರು

ಕ್ರೈಸ್ತ ನಂಬಿಕೆಯಲ್ಲಿ ರಕ್ಷಣೆ ಎಂದರೆ ಮೊದಲಿಗೆ ಒಂದು ಆಮಂತ್ರಣ. ಕರೆಯುವವನು ದೇವರು, ಖರ್ಚೆಲ್ಲ ಅವನದೇ, ಬಂದವರು ಕೈ ತೊಳೆದು ಕೂರಬೇಕು ಅಷ್ಟೇ. ಆದರೂ ಸತ್ಯವೇದವನ್ನೂ ಸಭೆಯ ಎರಡು ಸಾವಿರ ವರ್ಷಗಳ ಚರಿತ್ರೆಯನ್ನೂ ತಿರುವಿದರೆ, ಎದುರು ಬಿದ್ದವರ ಜೊತೆಗೇ "ಆಮೇಲೆ ನೋಡೋಣ" ಎಂದು ಜಾರಿಕೊಂಡವರೂ ಸಾಲುಸಾಲಾಗಿ ಸಿಗುತ್ತಾರೆ. ಅಂಥವರ ಬಗ್ಗೆ, ಅವರನ್ನು ಕುರಿತು ತಲೆ ಕೆಡಿಸಿಕೊಂಡವರ ಬಗ್ಗೆ ಒಂದಿಷ್ಟು ಸಂಗತಿಗಳು ಇಲ್ಲಿವೆ.

ಔತಣದ ಮನೆಯಲ್ಲಿ

● ಯೇಸು ಹೇಳಿದ ಔತಣದ ಸಾಮ್ಯ ಮತ್ತಾಯ 22 ಮತ್ತು ಲೂಕ 14, ಎರಡೂ ಕಡೆ ಬರುತ್ತದೆ. ಮತ್ತಾಯನಲ್ಲಿ ಕರೆಯುವವನು ಅರಸ, ಸಂದರ್ಭ ಮಗನ ಮದುವೆ. ಲೂಕನಲ್ಲಿ ಒಬ್ಬ ಮನೆಯೊಡೆಯ, ಒಂದು ದೊಡ್ಡ ಊಟ. ಮತ್ತಾಯನಲ್ಲಿ ಕರೆಯಲು ಬಂದ ಆಳುಗಳನ್ನು ಹಿಡಿದು ಕೊಲ್ಲುವವರೂ ಇದ್ದಾರೆ. ಆದರೆ ಅವರಿಗಿಂತ ಮೊದಲು ಬರುವವರು ಕರೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಒಬ್ಬ ಹೊಲಕ್ಕೆ, ಇನ್ನೊಬ್ಬ ವ್ಯಾಪಾರಕ್ಕೆ ನಡೆದವರು.

● ಆ ಕಾಲದ ದೊಡ್ಡ ಔತಣಗಳಿಗೆ ಎರಡು ಸಲ ಕರೆಯುವ ವಾಡಿಕೆ ಇತ್ತು. ಮೊದಲು ಮುಂಚಿತವಾಗಿ ತಿಳಿಸುವುದು, ಅಡುಗೆಯಾದ ಮೇಲೆ ಆಳು ಬಂದು ಕರೆದೊಯ್ಯುವುದು. ಎಸ್ತೇರಳ ಪುಸ್ತಕದಲ್ಲಿ ಹಾಮಾನನನ್ನು ಕರೆದದ್ದೂ ಹೀಗೆಯೇ. ಲೂಕನ ಕತೆಯಲ್ಲಿ ಅತಿಥಿಗಳು ಕೈಕೊಡುವುದು ಎರಡನೆಯ ಕರೆಗೆ, ಎಲ್ಲವೂ ಸಿದ್ಧವಾದ ಮೇಲೆ.

● ಲೂಕ ಪಟ್ಟಿ ಮಾಡುವ ನೆಪಗಳು ಮೂರು. ಒಬ್ಬ ಹೊಲ ಕೊಂಡಿದ್ದಾನೆ, ನೋಡಿ ಬರಬೇಕಂತೆ. ಇನ್ನೊಬ್ಬ ಐದು ಜೋಡಿ ಎತ್ತು ಕೊಂಡಿದ್ದಾನೆ, ಪರೀಕ್ಷೆ ಮಾಡಬೇಕಂತೆ. ನೋಡದೆ ಹೊಲ, ಹೂಡದೆ ಹತ್ತು ಎತ್ತು ಕೊಳ್ಳುವವರು ಯಾರಿದ್ದಾರೆ? ಅವರಿಬ್ಬರೂ ಕ್ಷಮಿಸಿ ಎಂದಾದರೂ ಅನ್ನುತ್ತಾರೆ. ಮದುವೆಯಾದ ಮೂರನೆಯವನಿಗೆ ಅಷ್ಟು ಸೌಜನ್ಯವೂ ಇಲ್ಲ. ಗಮನಿಸಿ, ಮೂರರಲ್ಲಿ ಒಂದೂ ಪಾಪದ ಕೆಲಸವಲ್ಲ.

● ಮದುಮಗನ ನೆಪದ ಹಿಂದೆ ಮೋಶೆಯ ಧರ್ಮಶಾಸ್ತ್ರದ ನೆರಳಿದೆ. ಹೊಸದಾಗಿ ಮದುವೆಯಾದವನು ಒಂದು ವರ್ಷ ದಂಡಿಗೆ ಹೋಗಬೇಕಿಲ್ಲ ಎನ್ನುತ್ತದೆ ಧರ್ಮೋಪದೇಶಕಾಂಡ. ಹೊಸ ಮನೆ ಕಟ್ಟಿದವನಿಗೂ ದ್ರಾಕ್ಷಿತೋಟ ಹಾಕಿದವನಿಗೂ ಅಂಥದೇ ರಿಯಾಯಿತಿ ಉಂಟು. ಅದೆಲ್ಲ ಯುದ್ಧದಿಂದ ಸಿಗುವ ರಿಯಾಯಿತಿ. ಊಟಕ್ಕೆ ಹೋಗದಿರಲು ಅದು ನೆಪವಾಗದು.

● 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ ಸಿಕ್ಕ ಕಾಪ್ಟಿಕ್ ಹಸ್ತಪ್ರತಿಗಳಲ್ಲಿ ಸತ್ಯವೇದಕ್ಕೆ ಸೇರದ 'ತೋಮನ ಸುವಾರ್ತೆ'ಯೂ ಇತ್ತು. ಅದರ 64ನೆಯ ನುಡಿ ಇದೇ ಕತೆ. ಅಲ್ಲಿ ನೆಪಗಳು ನಾಲ್ಕಕ್ಕೆ ಏರಿವೆ: ವ್ಯಾಪಾರಿಗಳಿಂದ ಬಾಕಿ ವಸೂಲಿ, ಮನೆ ಖರೀದಿ, ಗೆಳೆಯನ ಮದುವೆಯೂಟದ ಉಸ್ತುವಾರಿ, ಕೊಂಡ ಜಮೀನಿನ ಗೇಣಿ. ನಾಲ್ಕರಲ್ಲಿ ಮೂರು ದುಡ್ಡಿನ ವ್ಯವಹಾರ.

● ಯೆಹೂದ್ಯರ ಜೆರುಸಲೇಮ್ ತಾಲ್ಮೂದಿನಲ್ಲೂ ಇಂಥದೊಂದು ಊಟವಿದೆ. ಬರ್ ಮಯಾನ್ ಎಂಬ ಸುಂಕದವನು ಊರಿನ ಪ್ರಮುಖರಿಗೆ ಅಡುಗೆ ಮಾಡಿಸಿದ. ಒಬ್ಬರೂ ಬರಲಿಲ್ಲ. ಹಾಳಾಗಬಾರದೆಂದು ಅವನು ಬಡವರಿಗೆ ಬಡಿಸಿದ. ಆ ಒಂದೇ ಪುಣ್ಯಕ್ಕೆ ಅವನ ಶವಯಾತ್ರೆ ಅದ್ದೂರಿಯಾಗಿ ನಡೆಯಿತು ಎಂದು ಕತೆ.

● ಒಂದನೆಯ ಶತಮಾನದ ರಬ್ಬಿ ಯೊಹಾನಾನ್ ಬೆನ್ ಜಕ್ಕಾಯ್ ಹೇಳಿದ ಕತೆಯಲ್ಲಿ ಅರಸ ಊಟಕ್ಕೆ ಕರೆದ, ಹೊತ್ತು ಮಾತ್ರ ಹೇಳಲಿಲ್ಲ. ಜಾಣರು ಒಳ್ಳೆಯ ಬಟ್ಟೆ ತೊಟ್ಟು ಅರಮನೆಯ ಬಾಗಿಲಲ್ಲೇ ಕೂತರು. ಉಳಿದವರು ಅಡುಗೆಗೆ ಇನ್ನೂ ಹೊತ್ತಿದೆ ಎಂದು ಕೆಲಸಕ್ಕೆ ಹೋದರು. ಕರೆ ಬಂದಾಗ ಅವರ ಮೈಮೇಲೆ ಇದ್ದದ್ದು ಕೊಳೆಬಟ್ಟೆ.

"ಆಮೇಲೆ" ಎಂದವರು

● ಸೊದೋಮ್ ನಾಶವಾಗುತ್ತದೆ, ಹೊರಡಿ ಎಂದು ಲೋಟನು ಅಳಿಯಂದಿರಿಗೆ ಹೇಳಿದಾಗ ಅವರು ಕೋಪಗೊಳ್ಳಲಿಲ್ಲ, ವಾದಕ್ಕೂ ಇಳಿಯಲಿಲ್ಲ. ಮಾವ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡರು.

● ರೋಮ್ ಸಾಮ್ರಾಜ್ಯದ ಪರವಾಗಿ ಯೂದಾಯ ಆಳುತ್ತಿದ್ದ ಫೆಲಿಕ್ಸ್, ಸೆರೆಯಲ್ಲಿದ್ದ ಅಪೊಸ್ತಲ ಪೌಲನನ್ನು ಕರೆಸಿ ಮಾತು ಕೇಳಿದ. ನೀತಿ, ಸಂಯಮ, ಬರಲಿರುವ ನ್ಯಾಯತೀರ್ಪು ಎಂದೆಲ್ಲ ಪೌಲ ಹೇಳತೊಡಗಿದಾಗ ಹೆದರಿ, ಬಿಡುವಾದಾಗ ಕರೆಸುತ್ತೇನೆ ಎಂದು ಕಳಿಸಿಬಿಟ್ಟ. ನಮ್ಮ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ದೆವ್ವ ಬಾರದಿರಲೆಂದು ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದರು. ಫೆಲಿಕ್ಸ್ ಅದನ್ನು ದೇವರಿಗೇ ಬರೆದಂತಾಯಿತು. ತಮಾಷೆಯೆಂದರೆ ಬಿಡುವು ಅವನಿಗೆ ಆಗಾಗ ಸಿಕ್ಕಿತು. ಲಂಚದ ಆಸೆಯಿಂದ ಪೌಲನನ್ನು ಮತ್ತೆ ಮತ್ತೆ ಕರೆಸಿದ. ಎರಡು ವರ್ಷ ಕಳೆದರೂ ಪೌಲ ಸೆರೆಯಲ್ಲೇ ಇದ್ದ.

● ಆ ದಿನ ಫೆಲಿಕ್ಸನ ಪಕ್ಕದಲ್ಲಿದ್ದ ಹೆಂಡತಿ ದ್ರೂಸಿಲ್ಲ ರಾಜವಂಶದವಳು. ಅವರ ಮಗ ಅಗ್ರಿಪ್ಪ ಕ್ರಿ.ಶ. 79ರ ವೆಸೂವಿಯಸ್ ಜ್ವಾಲಾಮುಖಿಯಲ್ಲಿ ಸತ್ತನೆಂದು ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದಿಟ್ಟಿದ್ದಾನೆ.

● ಅದೇ ದ್ರೂಸಿಲ್ಲಳ ಅಣ್ಣ ಎರಡನೆಯ ಅಗ್ರಿಪ್ಪ ರಾಜನೂ ಪೌಲನ ಮಾತು ಕೇಳಿದ. ಇಷ್ಟರಲ್ಲೇ ನನ್ನನ್ನು ಕ್ರೈಸ್ತನನ್ನಾಗಿ ಮಾಡಲು ನೋಡುತ್ತೀಯೋ ಎಂಬ ಅರ್ಥದ ಮಾತಾಡಿ ಎದ್ದುಹೋದ. ಈ ಪ್ರಸಂಗವನ್ನು ಆಧರಿಸಿ ಅಮೆರಿಕದ ಫಿಲಿಪ್ ಬ್ಲಿಸ್ 1871ರಲ್ಲಿ ಕಟ್ಟಿದ ಗೀತೆ ಉಜ್ಜೀವನ ಕೂಟಗಳಲ್ಲಿ ಮನೆಮಾತಾಯಿತು. 1876ರ ಡಿಸೆಂಬರಿನಲ್ಲಿ ಓಹಾಯೊ ರಾಜ್ಯದ ಅಷ್ಟಬ್ಯೂಲಾದಲ್ಲಿ ಸೇತುವೆ ಕುಸಿದು ರೈಲು ಬಿದ್ದಾಗ ಬ್ಲಿಸ್ ಸತ್ತರು.

● ಅಥೆನ್ಸಿನ ಅರಿಯೊಪಾಗದಲ್ಲಿ ಪೌಲನಿಗೆ ಮೂರು ಬಗೆಯ ಉತ್ತರ ಸಿಕ್ಕಿತು. ಕೆಲವರು ಅಣಕಿಸಿದರು, ಕೆಲವರು ಇನ್ನೊಮ್ಮೆ ಕೇಳೋಣ ಎಂದರು, ಕೆಲವರು ನಂಬಿದರು. ಹೆಸರು ಉಳಿದದ್ದು ನಂಬಿದವರದು ಮಾತ್ರ: ದಿಯೊನುಸ್ಯ ಮತ್ತು ದಾಮರಿ.

● ಕ್ರಿ.ಶ. 325ರ ನೈಸಿಯಾ ಮಹಾಸಭೆಯನ್ನು ಕರೆದ ಚಕ್ರವರ್ತಿ ಕಾನ್‌ಸ್ಟಂಟೈನ್ ಆಗಿನ್ನೂ ದೀಕ್ಷಾಸ್ನಾನ ಪಡೆದಿರಲಿಲ್ಲ! ಅವನು ಸ್ನಾನ ಪಡೆದದ್ದು 337ರಲ್ಲಿ, ಸಾಯುವ ಮುನ್ನ. ಸ್ನಾನದ ನಂತರ ಮಾಡಿದ ಪಾಪಕ್ಕೆ ಕ್ಷಮೆ ಕಷ್ಟ ಎಂಬ ಭಯದಿಂದ ಆ ಶತಮಾನದಲ್ಲಿ ಹಲವರು ಹೀಗೆ ಮುಂದೂಡುತ್ತಿದ್ದರು. ನಾಜಿಯಾಂಜಸ್‌ನ ಗ್ರೆಗರಿ 381ರಲ್ಲಿ ಇಂಥವರನ್ನು ಎಚ್ಚರಿಸಲೆಂದೇ ಒಂದು ದೀರ್ಘ ಪ್ರಸಂಗ ಮಾಡಿದರು.

● ಸಂತ ಅಗಸ್ಟೀನ್ ಯೌವನದಲ್ಲಿ ತನಗೆ ಶುದ್ಧ ನಡತೆ ಕೊಡು, ಆದರೆ ಈಗಲೇ ಬೇಡ ಎಂಬ ಧಾಟಿಯಲ್ಲಿ ಪ್ರಾರ್ಥಿಸಿದ್ದನ್ನು ತಮ್ಮ ಆತ್ಮನಿವೇದನೆಯ ಕೃತಿಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಮನಸ್ಸು ತಿರುಗಿದ್ದು 386ರಲ್ಲಿ, ಮಿಲಾನಿನ ಒಂದು ತೋಟದಲ್ಲಿ, 31ನೆಯ ವಯಸ್ಸಿಗೆ.

● 1871ರ ಅಕ್ಟೋಬರ್ 8, ಭಾನುವಾರ ಸಂಜೆ. ಷಿಕಾಗೊದಲ್ಲಿ ಪ್ರಸಂಗಿ ಡಿ. ಎಲ್. ಮೂಡಿ, ಯೇಸುವನ್ನು ಏನು ಮಾಡುತ್ತೀರಿ ಎಂದು ಕೇಳಿ, ಒಂದು ವಾರ ಯೋಚಿಸಿ ಬನ್ನಿ ಎಂದು ಜನರನ್ನು ಕಳಿಸಿದರು. ಅದೇ ರಾತ್ರಿ ಊರಿಗೆ ಬೆಂಕಿ ಬಿತ್ತು. ಸುಮಾರು 300 ಜನ ಸತ್ತರು, ಸುಮಾರು ಒಂದು ಲಕ್ಷ ಜನ ಮನೆ ಕಳೆದುಕೊಂಡರು. ಆ ಒಂದು ವಾರದ ಗಡುವು ಕೊಟ್ಟದ್ದನ್ನು ಮೂಡಿ ಕೊನೆಯವರೆಗೂ ಹಳಹಳಿಸಿದರು.

ಉಗುರುಬೆಚ್ಚಗಿನ ಊರು, ಹಿಡಿಯಿಲ್ಲದ ಬಾಗಿಲು

● ಸತ್ಯವೇದದ ಪ್ರಕಟನೆ ಪುಸ್ತಕದಲ್ಲಿ ಪತ್ರ ಪಡೆಯುವ ಏಳು ಸಭೆಗಳಲ್ಲಿ ಒಂದೂ ಮೆಚ್ಚುಗೆಯ ಮಾತು ಸಿಗದ ಸಭೆ ಲವೊದಿಕೀಯ. ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ಸಭೆ ಎಂಬುದೇ ದೂರು. ಈಗಿನ ಟರ್ಕಿಯ ದೆನಿಜ್ಲಿ ಪಕ್ಕದಲ್ಲಿ ಆ ಊರಿನ ಅವಶೇಷಗಳಿವೆ. ಒಂದು ಕಡೆ ಹಿಯರಾಪೊಲಿಯ ಬಿಸಿನೀರಿನ ಬುಗ್ಗೆ, ಇನ್ನೊಂದು ಕಡೆ ಕೊಲೊಸ್ಸೆಯ ತಣ್ಣೀರು. ಲವೊದಿಕೀಯಕ್ಕೆ ನೀರು ಬರುತ್ತಿದ್ದದ್ದು ಕೊಳವೆಯಲ್ಲಿ. ಸುಣ್ಣದ ಹಕ್ಕಳೆ ಕಟ್ಟಿದ ಆ ಕಲ್ಲಿನ ಕೊಳವೆಗಳನ್ನು ಇಂದಿಗೂ ನೋಡಬಹುದು. ಬಿಸಿನೀರು ಮೈಕೈ ನೋವಿಗೆ ಆಗುತ್ತದೆ, ತಣ್ಣೀರು ಬಾಯಾರಿಕೆಗೆ. ಉಗುರುಬೆಚ್ಚಗಿನದು ಯಾವುದಕ್ಕೂ ಆಗದು ಎಂಬುದು ಹಲವು ವಿದ್ವಾಂಸರ ವಿವರಣೆ.

● ಕ್ರಿ.ಶ. 60ರ ಭೂಕಂಪದಲ್ಲಿ ಉರುಳಿದ ಆ ಊರು ರೋಮಿನ ಕಾಸು ಮುಟ್ಟದೆ ಸ್ವಂತ ದುಡ್ಡಿನಲ್ಲೇ ಎದ್ದು ನಿಂತಿತೆಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ನಮಗೆ ಯಾವುದರ ಕೊರತೆಯೂ ಇಲ್ಲ ಎಂಬ ಜಂಬಕ್ಕಾಗಿ ಪ್ರಕಟನೆ ಪುಸ್ತಕ ಗದರಿಸುವುದು ಈ ಊರಿನವರನ್ನೇ.

● ಕ್ರಿಸ್ತನು ಬಾಗಿಲು ತಟ್ಟುತ್ತಾ ನಿಂತಿದ್ದಾನೆ ಎಂಬ ಪ್ರಸಿದ್ಧ ಮಾತು ಬರುವುದೂ ಇದೇ ಪತ್ರದಲ್ಲಿ. ಅಂದರೆ ಅವನು ಮೊದಲು ತಟ್ಟಿದ್ದು ಪರರ ಬಾಗಿಲನ್ನಲ್ಲ, ತನ್ನದೇ ಸಭೆಯ ಬಾಗಿಲನ್ನು.

● ಆ ದೃಶ್ಯವನ್ನು ಇಂಗ್ಲಿಷ್ ಚಿತ್ರಕಾರ ವಿಲಿಯಂ ಹೋಲ್ಮನ್ ಹಂಟ್ 1850ರ ದಶಕದಲ್ಲಿ 'ದಿ ಲೈಟ್ ಆಫ್ ದಿ ವರ್ಲ್ಡ್' ಎಂಬ ಚಿತ್ರವಾಗಿಸಿದರು. ಬಾಗಿಲ ಮುಂದೆ ಕಳೆ ಬೆಳೆದಿದೆ, ಮೊಳೆಗಳಿಗೆ ತುಕ್ಕು ಹಿಡಿದಿದೆ. ಹೊರಗಡೆ ಹಿಡಿಯೇ ಇಲ್ಲ! ಬಾಗಿಲು ಒಳಗಿನಿಂದಲೇ ತೆರೆಯಬೇಕು ಎಂದು ಹಂಟ್ ಬೇಕೆಂದೇ ಬಿಟ್ಟದ್ದು. ಮೂಲಚಿತ್ರ ಆಕ್ಸ್‌ಫರ್ಡಿನ ಕೀಬಲ್ ಕಾಲೇಜಿನಲ್ಲಿದೆ. ನಂತರ ಬರೆದ ದೊಡ್ಡ ಪ್ರತಿ 1905ರಿಂದ 1907ರವರೆಗೆ ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಸುತ್ತಿ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ಸೇರಿತು.

ಎಳೆದು ತರಬೇಕೋ, ಕಾಯಬೇಕೋ?

● ಲೂಕನ ಕತೆಯ ಕೊನೆಯಲ್ಲಿ ಮನೆಯೊಡೆಯ, ಬೀದಿಬೇಲಿಗಳ ಬಳಿ ಇರುವವರನ್ನು ಒತ್ತಾಯ ಮಾಡಿ ಕರೆತನ್ನಿ ಎನ್ನುತ್ತಾನೆ. ಊಟಕ್ಕೆ ಸಂಕೋಚಪಡುವವರನ್ನು ಬಲವಂತ ಮಾಡುವ ಉಪಚಾರದ ಮಾತಿದು. ಐದನೆಯ ಶತಮಾನದ ಆರಂಭದಲ್ಲಿ, ಬೇರೆಯಾಗಿದ್ದ ಡೊನಾಟಿಸ್ಟ್ ಪಂಗಡದವರನ್ನು ಸರ್ಕಾರದ ದಂಡನೆಯಿಂದ ಸಭೆಗೆ ಮರಳಿಸುವುದನ್ನು ಸಮರ್ಥಿಸಲು ಅಗಸ್ಟೀನ್ ಇದೇ ಮಾತನ್ನು ಬಳಸಿದರು. ಆಮೇಲಿನ ಶತಮಾನಗಳಲ್ಲಿ ಧಾರ್ಮಿಕ ದಬ್ಬಾಳಿಕೆಗೆ ಅದು ಆಧಾರವಾಯಿತು. 1686ರಲ್ಲಿ ಫ್ರೆಂಚ್ ಚಿಂತಕ ಪಿಯೆರ್ ಬೇಯ್ಲ್ ಇದೊಂದೇ ಮಾತಿನ ದುರ್ಬಳಕೆಯನ್ನು ಖಂಡಿಸಿ ಒಂದು ದೊಡ್ಡ ಗ್ರಂಥವನ್ನು ಹೊರತರತೊಡಗಿದರು.

● ದೇವರು ಕರೆದರೆ ಮನುಷ್ಯ ಒಲ್ಲೆ ಎನ್ನಬಲ್ಲನೇ? ಹಾಲೆಂಡಿನ ಡಾರ್ಟ್ ಊರಿನಲ್ಲಿ 1618–19ರಲ್ಲಿ ಸೇರಿದ ಪ್ರಾಟೆಸ್ಟೆಂಟ್ ಮಹಾಸಭೆಯ ಮುಂದಿದ್ದ ದೊಡ್ಡ ಪ್ರಶ್ನೆಗಳಲ್ಲಿ ಇದೂ ಒಂದು. ಒಲ್ಲೆ ಎನ್ನಬಹುದು ಎಂದವರು ಡಚ್ ದೇವತಾಶಾಸ್ತ್ರಜ್ಞ ಆರ್ಮಿನಿಯಸ್‌ನ ಅನುಯಾಯಿಗಳು. ಮಹಾಸಭೆ ಅವರ ವಾದವನ್ನು ತಳ್ಳಿಹಾಕಿತು. ಚರ್ಚೆ ಈಗಲೂ ಮುಗಿದಿಲ್ಲ.

● ಕರೆಯೇ ತಲುಪದವರ ಗತಿ? ತಮ್ಮ ತಪ್ಪಿಲ್ಲದೆ ಸುವಾರ್ತೆ ತಿಳಿಯದೆ, ಮನಃಸಾಕ್ಷಿಯಂತೆ ದೇವರನ್ನು ಹುಡುಕುವವರಿಗೂ ರಕ್ಷಣೆ ಸಾಧ್ಯ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಒಂದು ದಾಖಲೆಯಲ್ಲಿ ಸಾರಿತು. ತಿಳಿಯದೆ ಇರುವುದು ಬೇರೆ, ತಿಳಿದೂ ತಳ್ಳುವುದು ಬೇರೆ ಎಂಬ ಗೆರೆಯನ್ನು ಅದೇ ದಾಖಲೆ ಎಳೆಯುತ್ತದೆ.

ಉದಾಸೀನದ ಬೆನ್ನು ಹತ್ತಿದವರು

● ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಇವಾಗ್ರಿಯಸ್, ಆತ್ಮದ ಆಲಸ್ಯವನ್ನು ಎಂಟು ಕೆಟ್ಟ ಯೋಚನೆಗಳಲ್ಲಿ ಒಂದೆಂದು ಎಣಿಸಿದರು. ಅದು ಕಾಡುವ ಹೊತ್ತು ಬೆಳಿಗ್ಗೆ ಸುಮಾರು ಹತ್ತರಿಂದ ಮಧ್ಯಾಹ್ನ ಎರಡರವರೆಗೆ. ಸೂರ್ಯ ನಿಂತೇಬಿಟ್ಟ ಎನಿಸುತ್ತದೆ, ಕಣ್ಣು ಕಿಟಕಿಯ ಕಡೆ ಓಡುತ್ತದೆ, ಬೇರೆ ಊರಿಗೆ ಹೋದರೆ ಚೆನ್ನಿತ್ತು ಅನಿಸುತ್ತದೆ. ಕಚೇರಿಗಳಲ್ಲಿ ಕೂರುವವರಿಗೆ ಈ ಲಕ್ಷಣಗಳ ಪರಿಚಯ ಇರಬಹುದು.

● ಗಣಿತಜ್ಞ ಪಾಸ್ಕಲ್ 1654ರ ನವೆಂಬರ್ 23ರ ರಾತ್ರಿಯ ದೈವಾನುಭವವನ್ನು ಒಂದು ಹಾಳೆಯಲ್ಲಿ ಬರೆದು ಕೋಟಿನ ಒಳಮಡಿಕೆಗೆ ಹೊಲಿದುಕೊಂಡಿದ್ದರು. ಅದು ಸಿಕ್ಕಿದ್ದು 1662ರಲ್ಲಿ ಅವರು ಸತ್ತ ಮೇಲೆ. ದೇವರನ್ನು ಕಂಡು ಸೇವಿಸುವವರು, ಕಾಣದೆ ಹುಡುಕುವವರು, ಕಾಣದೆಯೂ ಹುಡುಕದೆಯೂ ಬದುಕುವವರು ಎಂದು ಅವರು ಜನರನ್ನು ಮೂರಾಗಿ ವಿಂಗಡಿಸಿದರು. ಅವರಿಗೆ ಅರ್ಥವಾಗದೇ ಉಳಿದವರು ಮೂರನೆಯವರು.

● ಫ್ರಾನ್ಸಿನ ಪಾದ್ರಿ ಲಾಮ್ನೆ, ಧರ್ಮದ ವಿಷಯದಲ್ಲಿ ಜನರ ಉದಾಸೀನವನ್ನು ಖಂಡಿಸುವ ಗ್ರಂಥದ ಮೊದಲ ಸಂಪುಟವನ್ನು 1817ರಲ್ಲಿ ಪ್ರಕಟಿಸಿ ರಾತ್ರೋರಾತ್ರಿ ಹೆಸರಾದರು. ಮುಂದೆ ಪೋಪರೊಂದಿಗೆ ವಿರಸ ಬಂದು ಸಭೆಯನ್ನೇ ತೊರೆದರು. 1854ರಲ್ಲಿ ಅವರ ಅಂತ್ಯಕ್ರಿಯೆ ಸಭೆಯ ವಿಧಿಗಳಿಲ್ಲದೆ ನಡೆಯಿತು.

● ಸಿ. ಎಸ್. ಲೂಯಿಸರ 'ದಿ ಸ್ಕ್ರೂಟೇಪ್ ಲೆಟರ್ಸ್' (1942) ಹಿರಿಯ ಪಿಶಾಚಿಯೊಬ್ಬ ಕಿರಿಯನಿಗೆ ಬರೆಯುವ ಪತ್ರಗಳ ಪುಸ್ತಕ. ಮೊದಲ ಪತ್ರದಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಓದುತ್ತಿದ್ದ ನಾಸ್ತಿಕನ ಯೋಚನೆ ದೇವರತ್ತ ಹೊರಳುತ್ತದೆ. ಪಿಶಾಚಿ ವಾದಕ್ಕಿಳಿಯುವುದಿಲ್ಲ, ಊಟದ ಹೊತ್ತಾಯಿತು ಎಂದು ನೆನಪಿಸುತ್ತದೆ. ಬೀದಿಗೆ ಬಂದವನ ಕಣ್ಣಿಗೆ 73ನೆಯ ನಂಬರಿನ ಬಸ್ಸು ಬೀಳುತ್ತದೆ, ಯೋಚನೆ ಮುಗಿಯುತ್ತದೆ.

ನಮ್ಮ ನೆಲದಲ್ಲಿ

● ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಸತ್ಯವೇದವನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. ಅದೇ ಕಾಲದಲ್ಲಿ ಮೈಸೂರು ಸೀಮೆಯಲ್ಲಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ನಿರಾಶರಾಗುತ್ತಿದ್ದರು. 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳಲ್ಲಿ, ಇಪ್ಪತ್ತೈದು ವರ್ಷಗಳಲ್ಲಿ ತಮ್ಮ ಕರೆಗೆ ಬಂದವರು ಇನ್ನೂರು–ಮುನ್ನೂರು ಮಂದಿ, ಅವರಲ್ಲೂ ಹೆಚ್ಚಿನವರು ಕೆಳಜಾತಿಯ ಬಡವರು, ಭಿಕ್ಷುಕರು ಎಂದು ಸೋಲೊಪ್ಪಿದರು. ಆದರೆ ಲೂಕನ ಕತೆಯಲ್ಲಿ ಕೊನೆಗೆ ಪಂಕ್ತಿ ತುಂಬಿದವರು ಅಂಥ ಬಡವರೇ!

ಕೊನೆಗೊಂದು

● ಇಬ್ರಿಯರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯ ಇಷ್ಟು ದೊಡ್ಡ ರಕ್ಷಣೆಯನ್ನು ಅಲಕ್ಷ್ಯ ಮಾಡಿದವರ ಗತಿಯೇನು ಎಂದು ಕೇಳುತ್ತದೆ. ಆ ಪ್ರಶ್ನೆ ವೈರಿಗಳಿಗಲ್ಲ, ಸಭೆಯೊಳಗೆ ಕೂತವರಿಗೆ. ಹಾಗಾಗಿ ಕ್ರೈಸ್ತ ಓದುಗರೇ, ಅದನ್ನು ಪಕ್ಕದ ಮನೆಗೆ ದಾಟಿಸುವ ಮೊದಲು ನೀವೇ ಉತ್ತರಿಸಿ. ಉಳಿದವರು ಒಪ್ಪಿ, ಬೇಡವೆನ್ನಿ, ಬೇಕಾದರೆ ವಾದಕ್ಕೂ ಕೂತುಕೊಳ್ಳಿ. ಪೌಲನೂ ವಾದಿಸಿದವರ ಜೊತೆ ದಿನಗಟ್ಟಲೆ ಮಾತಾಡಿದ. ಈ ನಂಬಿಕೆಯ ಲೆಕ್ಕದಲ್ಲಿ, ಯೋಚಿಸಿ ಹೇಳುತ್ತೇನೆ ಎಂದು ಹೋಗಿ ಯೋಚಿಸದೇ ಉಳಿದವರ ಹೆಸರು ಸೇರುವುದು ಬಾರದವರ ಪಟ್ಟಿಗೇ.