ಹೊಸ ಕಾಲದ ಲಿಪಿಕಾರ

ಓಲೆಗರಿಯ ಮೇಲೆ ಗ್ರಂಥವನ್ನು ಪ್ರತಿ ಮಾಡುತ್ತಿದ್ದ ನಮ್ಮ ಹಿಂದಿನ ಲಿಪಿಕಾರರು, ಬರಹ ಮುಗಿದ ಮೇಲೆ ಕೊನೆಯ ಗರಿಯಲ್ಲಿ ತಮ್ಮದೂ ಒಂದೆರಡು ಮಾತನ್ನು ಸೇರಿಸುವುದುಂಟು. ಎಂದು ಮುಗಿಯಿತು, ಯಾರಿಗಾಗಿ ಬರೆದದ್ದು ಎಂಬುದರ ಜೊತೆಗೆ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂಬ ವಿನಯದ ಕೋರಿಕೆಯೂ ಅಲ್ಲಿರುತ್ತದೆ. ಕೈ ನೋಯುವವನಿಗೆ, ಕಣ್ಣು ದಣಿಯುವವನಿಗೆ ಮಾತ್ರ ಸಹಜವಾಗಿ ಬರುವ ವಿನಯವದು. ಈಗ ಪ್ರತಿ ಮಾಡುವ ಕೆಲಸ ಛಾಯಾಚಿತ್ರಕ್ಕೂ ಗಣಕಯಂತ್ರಕ್ಕೂ ಸೇರಿದೆ. ಈ ಹೊಸ ಲಿಪಿಕಾರನಿಗೆ ಆಯಾಸವೆಂಬುದಿಲ್ಲ. ಆದುದರಿಂದ ಅವನು ಕ್ಷಮೆಯನ್ನೂ ಬೇಡುವುದಿಲ್ಲ. ಅವನ ಗುಣದೋಷಗಳನ್ನು ಅರಿತುಕೊಳ್ಳಬೇಕಾದ ಹೊಣೆ ನಮ್ಮ ಮೇಲೆ ಬಿದ್ದಿದೆ.

ಹಳೆಯ ಪುಸ್ತಕವೊಂದರ ಪುಟಗಳನ್ನು ಚಿತ್ರವಾಗಿ ತೆಗೆದ ಮಾತ್ರಕ್ಕೆ ಕೆಲಸ ಮುಗಿಯಿತೆನ್ನುವಂತಿಲ್ಲ. ಪ್ರತಿಯೊಂದು ಚಿತ್ರವನ್ನೂ ನೆಟ್ಟಗೆ ತಿರುಗಿಸಬೇಕು. ಓರೆಯಾದ ಸಾಲುಗಳನ್ನು ಸರಿಪಡಿಸಬೇಕು. ಪುಟದ ಸುತ್ತ ಕಾಣುವ ಮೇಜನ್ನೂ ಬೆರಳನ್ನೂ ಕತ್ತರಿಸಿ ತೆಗೆಯಬೇಕು. ಹಳದಿಯಾದ ಕಾಗದದ ಬಣ್ಣವನ್ನು ಇಳಿಸಿ ಅಕ್ಷರದ ಕಪ್ಪನ್ನು ಏರಿಸಬೇಕು. ಗಾತ್ರವನ್ನು ತಗ್ಗಿಸಿ, ಕ್ರಮಸಂಖ್ಯೆಯ ಹೆಸರಿಟ್ಟು ಉಳಿಸಬೇಕು. ಪುಟವೊಂದಕ್ಕೆ ಎರಡು ನಿಮಿಷವೆಂದೇ ಹಿಡಿಯೋಣ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಪ್ರಕಟಿಸಿದ ಕಿಟ್ಟೆಲ್ ಅವರ ನಿಘಂಟಿನಲ್ಲಿ 1700ಕ್ಕೂ ಮಿಕ್ಕ ಪುಟಗಳಿವೆ. 1700 ಪುಟಕ್ಕೆ 3400 ನಿಮಿಷ, ಎಂದರೆ 56 ಗಂಟೆ 40 ನಿಮಿಷ. ದಿನಕ್ಕೆ ಆರು ಗಂಟೆ ಕುಳಿತರೂ ಒಂಬತ್ತು ದಿನ ಸಾಲದು. ಅಷ್ಟು ದಿನವೂ ಗಾಣದ ಎತ್ತಿನಂತೆ ಅದೇ ಏಳೆಂಟು ಹೆಜ್ಜೆಗಳನ್ನು ಸುತ್ತುವುದೇ ಕೆಲಸ. ವಿದ್ವತ್ತು ಇದಕ್ಕೆ ಬೇಕಿಲ್ಲ. ಆದರೆ ವಿದ್ವಾಂಸನ ಹೊತ್ತು ಇದಕ್ಕೆ ಸವೆಯುತ್ತದೆ.

ಈ ಸುತ್ತುವಿಕೆಯನ್ನು ಯಂತ್ರಕ್ಕೆ ಒಪ್ಪಿಸುವ ಉಪಾಯ ಹೊಸದೇನಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಥಾಮಸ್ ನೋಲ್ ಮತ್ತು ಅವರ ಸಹೋದರ ಜಾನ್ ನೋಲ್ ಸೇರಿ ರೂಪಿಸಿದ ಫೋಟೋಶಾಪ್ ತಂತ್ರಾಂಶವನ್ನು ಅಡೋಬಿ ಸಂಸ್ಥೆ 1990ರಲ್ಲಿ ಹೊರತಂದಿತು. 1996ರಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯಲ್ಲಿ 'ಆಕ್ಷನ್' ಎಂಬ ಸೌಕರ್ಯ ಸೇರಿತು. ಧ್ವನಿಮುದ್ರಣದಲ್ಲಿ ಹಾಡನ್ನು ಹಿಡಿದಿಡುವಂತೆ ಇಲ್ಲಿ ನಮ್ಮ ಕೆಲಸದ ಹೆಜ್ಜೆಗಳನ್ನು ಹಿಡಿದಿಡುವುದು. ಗುಂಡಿಯೊತ್ತಿ ಒಂದು ಪುಟವನ್ನು ನಾವೇ ತಿದ್ದಿ ತೋರಿಸಿದರೆ, ಯಂತ್ರ ಆ ಕ್ರಮವನ್ನು ನೆನಪಿಟ್ಟುಕೊಳ್ಳುತ್ತದೆ. 'ಬ್ಯಾಚ್' ಎಂಬ ಆಜ್ಞೆಯಿತ್ತು ಫೋಲ್ಡರೊಂದನ್ನು ತೋರಿಸಿದರೆ, ಅದರೊಳಗಿನ ಸಾವಿರ ಚಿತ್ರಗಳಿಗೂ ಅದೇ ಉಪಚಾರ ನಡೆಯುತ್ತದೆ. ಹಣ ತೆರಬೇಕಾಗಿಲ್ಲದ ಗಿಂಪ್ ತಂತ್ರಾಂಶದಲ್ಲಿ ಇದನ್ನೇ 'ಸ್ಕ್ರಿಪ್ಟ್-ಫು' ಎಂಬ ಬರಹರೂಪದ ಆಜ್ಞೆಗಳಿಂದ ಸಾಧಿಸಬಹುದು. ಇಮೇಜ್‌ಮ್ಯಾಜಿಕ್ ಎಂಬ ಉಪಕರಣಕ್ಕಂತೂ ಒಂದೇ ಸಾಲಿನ ಆಜ್ಞೆ ಸಾಕಾಗುವುದುಂಟು.

ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂಬ ಗಾದೆಯನ್ನು ನೆನೆದು ಯಂತ್ರವನ್ನು ದೂರವಿಡಬೇಕೆಂದು ನಾನು ಹೇಳುವವನಲ್ಲ. ಮುನ್ನೂರನೆಯ ಪುಟದ ಹೊತ್ತಿಗೆ 'ತಾನು ಮಾಡಿದ್ದು' ಕೂಡ ಉತ್ತಮವಾಗಿ ಉಳಿಯುವುದಿಲ್ಲವೆಂಬುದು ಈ ಕೆಲಸ ಮಾಡಿದವರಿಗೆಲ್ಲ ಗೊತ್ತು. ಕೈ ತಪ್ಪಿ ಒಂದು ಸಾಲು ಕತ್ತರಿಸಿಹೋಗುತ್ತದೆ. ಕಣ್ಣು ತಪ್ಪಿ ಎರಡು ಪುಟಗಳ ಸಂಖ್ಯೆ ಅದಲುಬದಲಾಗುತ್ತದೆ. ಈ ಆಳಿಗೆ ಅಂಥ ಮರೆವಿಲ್ಲ, ಸೋಮಾರಿತನವಿಲ್ಲ. ಅವನಲ್ಲಿರುವ ಕೊರತೆ ಬೇರೆ. 'ಹೀಗೆಯೇ ಎಲ್ಲವನ್ನೂ ಮಾಡು' ಎಂದರೆ, ಆ 'ಎಲ್ಲ' ನಿಜವಾಗಿಯೂ ಒಂದೇ ತೆರನಾಗಿದೆಯೆ ಎಂದು ಅವನು ಕೇಳುವುದಿಲ್ಲ.

ಪುಸ್ತಕದ ಪುಟಗಳು ಒಂದೇ ತೆರನಾಗಿ ತೋರುತ್ತವೆ, ಇರುವುದಿಲ್ಲ. ಎಡಪುಟಕ್ಕೆ ಹೊಲಿಗೆಯ ಅಂಚು ಬಲಗಡೆ, ಬಲಪುಟಕ್ಕೆ ಎಡಗಡೆ. ಎಡಕ್ಕೆ ಹೊಂದಿಸಿದ ಕತ್ತರಿ ಬಲಪುಟದ ಪ್ರತಿ ಸಾಲಿನಲ್ಲೂ ಒಂದೊಂದು ಅಕ್ಷರವನ್ನು ನುಂಗಬಹುದು. ಅಕ್ಷರದ ಕಪ್ಪನ್ನು ಏರಿಸುವ ಹೆಜ್ಜೆ ಅಚ್ಚಿನ ಅಕ್ಷರಕ್ಕೆ ಹಿತವಾದರೂ, ಹಿಂದಿನ ಓದುಗರೊಬ್ಬರು ಸೀಸದಕಡ್ಡಿಯಿಂದ ಅಂಚಿನಲ್ಲಿ ಬರೆದ ಟಿಪ್ಪಣಿಯನ್ನು ಬಿಳುಪಿನಲ್ಲಿ ಕರಗಿಸಿಬಿಡಬಲ್ಲದು. ಇನ್ನು ಧೂಳಿನ ಚುಕ್ಕೆಗಳನ್ನು ಅಳಿಸುವ ಹೆಜ್ಜೆ. ನಮ್ಮ ಲಿಪಿಯಲ್ಲಿ ದಕಾರದ ಹೊಟ್ಟೆಯನ್ನು ಸೀಳಿದರೆ ಧಕಾರವಾಗುತ್ತದೆ. ಸವೆದ ಅಚ್ಚುಮೊಳೆಯಿಂದ ಮೂಡಿದ ಪುಟದಲ್ಲಿ ಆ ಸೀಳು ಮೈಯಿಂದ ಬಿಡಿಸಿಕೊಂಡು ಬರಿಯ ಒಂದು ಚುಕ್ಕೆಯಾಗಿ ನಿಂತಿದ್ದರೆ, ಅದಕ್ಕೂ ಧೂಳಿಗೂ ಯಂತ್ರ ಭೇದವೆಣಿಸದು. ಆಗ ಕವಿಯ 'ಧನ' ಅಳಿದು 'ದನ'ವಷ್ಟೇ ಉಳಿಯುತ್ತದೆ! ನಕ್ಕು ಸುಮ್ಮನಾಗಬಹುದಾದ ತಪ್ಪು ಇದು. ಆದರೆ ಅರ್ಥ ಕೆಡದೆ ಪಾಠ ಮಾತ್ರ ಕೆಟ್ಟ ಕಡೆಗಳಲ್ಲಿ ನಗುವವರಾದರೂ ಯಾರು?

ಒಂದೇ ಅಲ್ಲದ್ದನ್ನು ಒಂದೇ ಎಂದು ಬಗೆದರೆ ಏನಾಗುತ್ತದೆಂಬುದಕ್ಕೆ 2013ರಲ್ಲಿ ಜರ್ಮನಿಯಿಂದ ಒಂದು ನಿದರ್ಶನ ದೊರೆಯಿತು. ಗಣಕತಜ್ಞ ಡೇವಿಡ್ ಕ್ರೀಸೆಲ್ ಅವರು, ಜೆರಾಕ್ಸ್ ಸಂಸ್ಥೆಯ ಕೆಲವು ಮಾದರಿಯ ಯಂತ್ರಗಳು ಸ್ಕ್ಯಾನ್ ಮಾಡಿದ ಕಾಗದಗಳಲ್ಲಿ ಅಂಕಿಗಳು ಬದಲಾಗಿರುವುದನ್ನು ತೋರಿಸಿಕೊಟ್ಟರು. ಮನೆಯ ನಕ್ಷೆಯೊಂದರಲ್ಲಿ ಮೂರು ಕೊಠಡಿಗಳ ವಿಸ್ತೀರ್ಣ 14.13, 21.11, 17.42 ಚದರ ಮೀಟರ್ ಎಂದಿದ್ದರೆ, ಪ್ರತಿಯಲ್ಲಿ ಮೂರೂ 14.13 ಆಗಿದ್ದವು. ಕಡತದ ಗಾತ್ರವನ್ನು ಕುಗ್ಗಿಸುವ ಸಲುವಾಗಿ, ಒಂದನ್ನೊಂದು ಹೋಲುವ ಆಕೃತಿಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡು, ಉಳಿದ ಕಡೆಯಲ್ಲೆಲ್ಲ ಅದನ್ನೇ ಕೂರಿಸುವ ವಿಧಾನ ಅದಕ್ಕೆ ಕಾರಣ. ಅಂಕಿಗಳು ಮಸುಕಾಗಿದ್ದರೆ ಯಾರಾದರೂ ಶಂಕಿಸುತ್ತಿದ್ದರು. ಅವು ಸ್ಫುಟವಾಗಿಯೇ ಇದ್ದವು. ಸಂಸ್ಥೆಯವರು ತಿದ್ದುಪಡಿಯನ್ನು ಒದಗಿಸಿದರು. ಆದರೆ ಅದಕ್ಕೆ ಮೊದಲೇ ಸ್ಕ್ಯಾನಾಗಿ, ಮೂಲವನ್ನು ಎಸೆದುಬಿಟ್ಟ ಕಾಗದಗಳಿಗೆ ಯಾವ ತಿದ್ದುಪಡಿಯೂ ಒದಗಲಾರದಷ್ಟೆ.

ಗ್ರಂಥಸಂಪಾದನೆಯ ಪರಿಚಯವಿದ್ದವರಿಗೆ ಇಲ್ಲಿಯ ಅಪಾಯ ಬೇಗನೆ ಹೊಳೆಯುತ್ತದೆ. ಹಳೆಯ ಲಿಪಿಕಾರರೂ ತಪ್ಪುತ್ತಿದ್ದರು. ಆದರೆ ಒಬ್ಬೊಬ್ಬರು ಒಂದೊಂದು ಕಡೆಯಲ್ಲಿ ತಪ್ಪುತ್ತಿದ್ದರು. ಒಂದು ಪ್ರತಿಯಲ್ಲಿ ಬಿಟ್ಟುಹೋದ ಸಾಲು ಇನ್ನೊಂದರಲ್ಲಿ ಸಿಕ್ಕುತ್ತದೆ. ನಾಲ್ಕು ಪ್ರತಿಗಳ ಪಾಠಾಂತರಗಳನ್ನು ಮುಂದಿಟ್ಟುಕೊಂಡು ಶುದ್ಧಪಾಠವನ್ನು ಊಹಿಸಲು ಸಾಧ್ಯವಾಗುತ್ತದೆ. ಯಂತ್ರದ ತಪ್ಪಾದರೋ ಎಲ್ಲೆಡೆಯೂ ಒಂದೇ. ಅದಕ್ಕೆ ಪಾಠಾಂತರವಿಲ್ಲ. ಒಂದು ಬಾರಿ ತಪ್ಪಾಗಿ ಕಲಿಸಿದರೆ ಸಾವಿರ ಸಲವೂ ನಿಷ್ಠೆಯಿಂದ ಅದೇ ತಪ್ಪನ್ನು ಮಾಡುತ್ತದೆ. ನೂರು ವರ್ಷದ ಹಿಂದಿನ ಎಷ್ಟೋ ಪುಸ್ತಕಗಳ ಕಾಗದ ಇಂದು ಮುಟ್ಟಿದರೆ ಪುಡಿಯಾಗುವಂತಿದೆ. ನಾಳೆ ಅವುಗಳಿಗೆ ಚಿತ್ರವೊಂದೇ ಸಾಕ್ಷಿಯಾಗಿ ಉಳಿದೀತು. ಆ ಸಾಕ್ಷಿಯನ್ನು ಕೆಡಿಸಿದ ಮೇಲೆ ಯಾರನ್ನು ಕೇಳುವುದು?

ಆದುದರಿಂದ ಕೆಲವು ನಿಯಮಗಳು ಅವಶ್ಯ. ಮೊದಲನೆಯದು, ಮೂಲಚಿತ್ರವನ್ನು ಎಂದಿಗೂ ಮುಟ್ಟಬಾರದು. ಫೋಟೋಶಾಪಿನ ಬ್ಯಾಚಿನಲ್ಲಿ 'ಸೇವ್ ಅಂಡ್ ಕ್ಲೋಸ್' ಎಂಬ ಆಯ್ಕೆ ಮೂಲದ ಮೇಲೆಯೇ ಬರೆಯುತ್ತದೆ. ಇಮೇಜ್‌ಮ್ಯಾಜಿಕ್ಕಿನ 'ಮೊಗ್ರಿಫೈ' ಆಜ್ಞೆಯೂ, ಬೇರೆ ಜಾಗವನ್ನು ತೋರಿಸದಿದ್ದರೆ, ಸಾಮಾನ್ಯವಾಗಿ ಹಾಗೆಯೇ ಮಾಡುತ್ತದೆ. ಹೊಸ ಪ್ರತಿಗಳಿಗೆ ಬೇರೊಂದು ಫೋಲ್ಡರನ್ನೇ ಗೊತ್ತುಮಾಡಬೇಕು. ಎರಡನೆಯದು, ಎಡಬಲ ಪುಟಗಳನ್ನು ಮೊದಲೇ ಬೇರ್ಪಡಿಸಿ, ಎರಡಕ್ಕೂ ಬೇರೆ ಬೇರೆ ಕ್ರಮವನ್ನು ಕಲಿಸಬೇಕು; ಚಿತ್ರಗಳ ಗಾತ್ರದಲ್ಲಿ ವ್ಯತ್ಯಾಸವಿದ್ದರೆ ಅಳತೆಗಳನ್ನು ಶೇಕಡಾ ಲೆಕ್ಕದಲ್ಲಿ ಹಿಡಿಯಬೇಕು. ಮೂರನೆಯದು, ವಿವೇಚನೆ ಬೇಕಾದ ಕಡೆ ಯಂತ್ರವನ್ನು ನಿಲ್ಲಿಸಬೇಕು; ಅಳತೆ ಕೇಳುವಂಥ ಹೆಜ್ಜೆಯ ಬಳಿ ನಿಂತು ನಮ್ಮ ಅಪ್ಪಣೆಗಾಗಿ ಕಾಯುವಂತೆ ಆಕ್ಷನ್ನನ್ನು ಅಣಿಗೊಳಿಸಲು ಬರುತ್ತದೆ. ನಾಲ್ಕನೆಯದು ಪರೀಕ್ಷೆ. ಒಂದು ಅಗುಳನ್ನು ಹಿಚುಕಿ ನೋಡಿ ಅನ್ನ ಬೆಂದಿತೆನ್ನುವ ಸ್ಥಾಲೀಪುಲಾಕ ನ್ಯಾಯ ಇಲ್ಲಿ ಸಲ್ಲದು. ಒಂದೇ ಪಾತ್ರೆಯ ಅಗುಳುಗಳಿಗೆ ಒಂದೇ ಬೆಂಕಿ ತಾಗಿರುತ್ತದೆ. ಪುಸ್ತಕದ ಪುಟಗಳು ಹಾಗಲ್ಲ. ಅತ್ಯಂತ ಕೆಟ್ಟ ಪುಟಗಳನ್ನು, ಎಂದರೆ ಕಲೆಯಾದುದು, ಮಸಿ ಮಾಸಿದುದು, ಟಿಪ್ಪಣಿಯಿರುವುದು, ಇವನ್ನು ಆರಿಸಿಕೊಂಡು ಮೊದಲು ಅವುಗಳ ಮೇಲೆ ಪ್ರಯೋಗಿಸಬೇಕು. ಅವು ಗೆದ್ದರೆ ಉಳಿದವು ಗೆಲ್ಲುವ ಸಂಭವ ಹೆಚ್ಚು. ಧೂಳು ಅಳಿಸುವ ಹೆಜ್ಜೆಯನ್ನಂತೂ ಕನ್ನಡದ ಪುಟಗಳಿಗೆ ಹಾಕದಿರುವುದೇ ಲೇಸು. ಧೂಳಿದ್ದರೆ ಇರಲಿ; ಓದುಗನ ಕಣ್ಣು ಅದನ್ನು ದಾಟಿಕೊಂಡು ಹೋಗಬಲ್ಲದು.

ಇಷ್ಟನ್ನು ಮಾಡಿದರೆ ಒಂಬತ್ತು ದಿನಗಳ ಕೆಲಸ ಒಂದೆರಡು ದಿನಕ್ಕೆ ಇಳಿದೀತು. ಹೀಗೆ ಉಳಿದ ದಿನಗಳಲ್ಲಿ ಒಂದನ್ನಾದರೂ ಸಿದ್ಧವಾದ ಪುಟಗಳನ್ನು ಕಣ್ಣಾರೆ ನೋಡಲು ಕೊಡಬೇಕು. ಪೂರ್ತಿ ಉಳಿಸಿಕೊಳ್ಳುವ ಆಸೆ ಒಳ್ಳೆಯದಲ್ಲ.

ಇನ್ನೊಂದು ಕೆಲಸವಿದೆ. ಯಂತ್ರಕ್ಕೆ ಕಲಿಸಿದ ಹೆಜ್ಜೆಗಳೇನು, ಕತ್ತರಿಸಿದ್ದೆಷ್ಟು, ಕಪ್ಪನ್ನು ಏರಿಸಿದ್ದೆಷ್ಟು, ಮೂಲಚಿತ್ರ ಎಲ್ಲಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಚಿತ್ರಗಳ ಜೊತೆಗೇ ಇಡಬೇಕು. ಮುಂದೆ ಓದುವ ವಿದ್ಯಾರ್ಥಿಗೆ ಅನುಮಾನ ಬಂದಾಗ, ಕವಿಯದು ಯಾವುದು, ಯಂತ್ರದ್ದು ಯಾವುದು ಎಂದು ಬಿಡಿಸಿಕೊಳ್ಳಲು ಅದು ನೆರವಾಗುತ್ತದೆ. ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಕೊನೆಯ ಗರಿಯಲ್ಲಿ ಬರೆದವರು ಮಾಡಿದ್ದೂ ಇದನ್ನೇ. ಯಂತ್ರ ಅದನ್ನು ತಾನಾಗಿ ಬರೆಯುವುದಿಲ್ಲ. ಅದನ್ನು ನಡೆಸಿದವರು ಬರೆಯಬೇಕು.