24 ಕೋರ್‌ಗಳನ್ನು 8 ಕೋರ್‌ಗಳು ಮೀರಿಸಿದ ಬಗೆ

ವಿಜಯನಗರದ ಬೆಂಗಳೂರು ಒನ್ ಕೌಂಟರಿನಲ್ಲಿ ಕರೆಂಟ್ ಬಿಲ್ಲಿನ ಖಾತೆ ಸಂಖ್ಯೆ ಒತ್ತಿದರೆ ಹೆಸರು, ಬಾಕಿ ಎರಡೂ ಕ್ಷಣದಲ್ಲಿ ಪರದೆಗೆ ಬರುತ್ತವೆ. ರಾಜಾಜಿನಗರದ ಸಹಕಾರಿ ಬ್ಯಾಂಕಿನ ಪಾಸ್‌ಬುಕ್ ಎಂಟ್ರಿಯೂ ಹೀಗೇ. ಇವೆಲ್ಲದರ ಹಿಂದೆ ದುಡಿಯುವುದು ಡೇಟಾಬೇಸ್ ಸರ್ವರ್. ಅದಕ್ಕೆ ಯಾವ ತಲೆಮಾರಿನ ಪ್ರೊಸೆಸರ್ ಒಳ್ಳೆಯದು? ಬೆಂಗಳೂರಿನಲ್ಲೇ ರೂಪುಗೊಂಡ ಒಂದು ಚಿಪ್ಪಿನ ಕಥೆಯಿಂದ ಇದನ್ನು ಚೆನ್ನಾಗಿ ತಿಳಿಯಬಹುದು.

ಬೆಂಗಳೂರಿನ ಡನಿಂಗ್ಟನ್

2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಕಂಪನಿ ಕ್ಸಿಯಾನ್ 7400 ಸರಣಿಯನ್ನು ಬಿಡುಗಡೆ ಮಾಡಿತು. ಡನಿಂಗ್ಟನ್ ಎಂಬ ಸಂಕೇತನಾಮದ ಈ ಚಿಪ್ಪನ್ನು ವಿನ್ಯಾಸ ಮಾಡಿದ್ದು ಕಂಪನಿಯ ಬೆಂಗಳೂರು ತಂಡ. ಒಂದೇ ಚಿಪ್ಪಿನಲ್ಲಿ 190 ಕೋಟಿ ಟ್ರಾನ್ಸಿಸ್ಟರ್, ಆರು ಕೋರ್ (ಲೆಕ್ಕ ಮಾಡುವ ಘಟಕ), 16 ಎಂಬಿ ಮೂರನೇ ಹಂತದ ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ). ನಾಲ್ಕು ಸಾಕೆಟ್‌ನ, ಅಂದರೆ ನಾಲ್ಕು ಚಿಪ್ ಕೂರುವ ಸರ್ವರ್‌ನಲ್ಲಿ ಒಟ್ಟು 24 ಕೋರ್. ನಮ್ಮ ಊರಿನ ಎಂಜಿನಿಯರುಗಳು ಹೆಮ್ಮೆಪಡಬೇಕಾದ ಕೆಲಸವದು.

ಆರೇ ತಿಂಗಳಲ್ಲಿ, 2009ರ ಮಾರ್ಚಿನಲ್ಲಿ, ನೆಹಲೆಮ್ ತಲೆಮಾರಿನ ಕ್ಸಿಯಾನ್ 5500 ಬಂತು. ಕೋರ್ ನಾಲ್ಕೇ, ಕ್ಯಾಶ್ 8 ಎಂಬಿ ಮಾತ್ರ. ಎರಡು ಸಾಕೆಟ್ ಸೇರಿದರೂ 8 ಕೋರ್. ಆದರೆ ಷೇರು ದಲ್ಲಾಳಿ ಸಂಸ್ಥೆಯ ವಹಿವಾಟನ್ನು ಅನುಕರಿಸುವ ಟಿಪಿಸಿ-ಇ ಪರೀಕ್ಷೆಯಲ್ಲಿ ಈ 8 ಕೋರ್‌ಗಳು ಆ 24 ಕೋರ್‌ಗಳನ್ನು ಮೀರಿಸಿದವು.

ಕಾಯುವುದು ಎಲ್ಲಿ?

ಒಂದು ಕೋಟಿ ಖಾತೆಗಳಲ್ಲಿ ಒಂದನ್ನು ಹುಡುಕುವುದನ್ನೇ ನೋಡೋಣ. ಡೇಟಾಬೇಸಿನ ಸೂಚಿಯ (ಇಂಡೆಕ್ಸ್) ಒಂದೊಂದು ಪುಟದಲ್ಲಿ 300 ನಮೂದುಗಳಿದ್ದರೆ ಮೂರು ಮೆಟ್ಟಿಲಿನಲ್ಲಿ ಖಾತೆ ಸಿಗುತ್ತದೆ. ಮೊದಲ ಪುಟ ಓದದೆ ಎರಡನೆಯದು ಎಲ್ಲಿದೆ ಎಂದು ತಿಳಿಯುವುದಿಲ್ಲ. ಎರಡನೆಯದನ್ನು ಓದದೆ ಮೂರನೆಯದರ ಸುಳಿವಿಲ್ಲ. ಬೇಕಾದ ಪುಟ ಕ್ಯಾಶ್‌ನಲ್ಲಿ ಇಲ್ಲದಿದ್ದರೆ ಮೆಮೊರಿಯಿಂದ ತರಿಸಬೇಕು. ಅದಕ್ಕೆ 100 ನ್ಯಾನೋಸೆಕೆಂಡ್ ಹಿಡಿದರೆ, 3 ಗಿಗಾಹರ್ಟ್ಸ್ ವೇಗದ ಕೋರ್ ಅಷ್ಟರಲ್ಲಿ 300 ಬಡಿತಗಳನ್ನು ಸುಮ್ಮನೆ ಕಳೆದಿರುತ್ತದೆ. ಡೇಟಾಬೇಸ್ ಸರ್ವರ್‌ನ ಪ್ರೊಸೆಸರ್ ಲೆಕ್ಕ ಮಾಡುವುದಕ್ಕಿಂತ ಹೆಚ್ಚಾಗಿ ಕಾಯುತ್ತಿರುತ್ತದೆ.

ಡನಿಂಗ್ಟನ್‌ನಲ್ಲಿ ಮೆಮೊರಿಯ ನಿಯಂತ್ರಣ ಪ್ರೊಸೆಸರ್‌ನ ಹೊರಗಿತ್ತು. ನಾಲ್ಕೂ ಸಾಕೆಟ್‌ಗಳ ಬೇಡಿಕೆ ಒಂದೇ ಚಿಪ್‌ಸೆಟ್ ಮೂಲಕ ಹೋಗಬೇಕಿತ್ತು. ಮದುವೆ ಮನೆಯಲ್ಲಿ ಅಡುಗೆಯವರು ಎಷ್ಟೇ ಮಂದಿ ಇದ್ದರೂ ಉಗ್ರಾಣಕ್ಕೆ ಬಾಗಿಲು ಒಂದೇ ಆದರೆ ಹೇಗೋ ಹಾಗೆ. ದೊಡ್ಡ ಕ್ಯಾಶ್ ಇಟ್ಟಿದ್ದು ಈ ತೊಡಕನ್ನು ತಗ್ಗಿಸಲೆಂದೇ. ನೆಹಲೆಮ್ ಆ ನಿಯಂತ್ರಕವನ್ನು ಚಿಪ್ಪಿನೊಳಗೇ ತಂದಿತು; ಪ್ರತಿ ಸಾಕೆಟ್‌ಗೂ ಮೂರು ಸ್ವಂತ ಮೆಮೊರಿ ದಾರಿಗಳನ್ನು ಕೊಟ್ಟಿತು. ಹೈಪರ್‌ಥ್ರೆಡಿಂಗ್ ಕೂಡ ಮರಳಿತು: ಒಂದು ಕೆಲಸ ಮೆಮೊರಿಗಾಗಿ ಕಾಯುವಾಗ ಅದೇ ಕೋರ್ ಇನ್ನೊಂದನ್ನು ಮುಂದುವರಿಸುತ್ತದೆ.

ಹಾಗೆಂದು ಡನಿಂಗ್ಟನ್ ಕೊಂಡವರು ಕೆಟ್ಟರು ಎನ್ನುವಂತಿಲ್ಲ. ಹಿಂದಿನ 7300 ಸರಣಿಯ ಸರ್ವರ್ ಇದ್ದವರು ಬೋರ್ಡ್ ಹಾಗೇ ಉಳಿಸಿಕೊಂಡು ಚಿಪ್ ಮಾತ್ರ ಬದಲಿಸಬಹುದಿತ್ತು. ನಾಲ್ಕು ಸಾಕೆಟ್‌ನ ಪೆಟ್ಟಿಗೆಯಲ್ಲಿ ಹೆಚ್ಚು ಮೆಮೊರಿ ಕೂರುತ್ತಿತ್ತು. 2010ರ ಮಾರ್ಚಿನಲ್ಲಿ ಕ್ಸಿಯಾನ್ 7500 ಬಂದಾಗ ಎಂಟು ಕೋರ್, ಒಳಗಿನ ನಿಯಂತ್ರಕ, ದೊಡ್ಡ ಮೆಮೊರಿ ಮೂರೂ ಒಂದೆಡೆ ಸಿಕ್ಕವು.

ಪರವಾನಗಿಯ ಲೆಕ್ಕ

ಯಂತ್ರಕ್ಕಿಂತ ತಂತ್ರಾಂಶವೇ ದುಬಾರಿಯಾಗುವುದುಂಟು. ಆಗ ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್‌ಗೆ ಸಾಕೆಟ್ ಲೆಕ್ಕದಲ್ಲಿ ಪರವಾನಗಿ ಕೊಳ್ಳಬಹುದಿತ್ತು. ನಾಲ್ಕರ ಬದಲು ಎರಡು ಸಾಕೆಟ್ ಸಾಕಾದರೆ ಖರ್ಚು ಅರ್ಧ. 2012ರ ಆವೃತ್ತಿಯಿಂದ ಲೆಕ್ಕ ಕೋರ್‌ಗೆ ತಿರುಗಿತು. ಅಲ್ಲಿ ಕಡಿಮೆ ಕೋರ್, ಪ್ರತಿ ಕೋರ್‌ಗೂ ಹೆಚ್ಚು ವೇಗ ಇರುವ ಮಾದರಿ ಲಾಭದಾಯಕ. ಪೋಸ್ಟ್‌ಗ್ರೆಸ್‌ನಂಥ ಮುಕ್ತ ತಂತ್ರಾಂಶಕ್ಕೆ ಈ ಶುಲ್ಕವಿಲ್ಲ; ಅಲ್ಲಿ ಕೋರ್‌ಗಳನ್ನು ಧಾರಾಳವಾಗಿ ಬಳಸಬಹುದು.

ಕೊಳ್ಳುವ ಮುನ್ನ

ಮೊದಲು ಈಗಿನ ಸರ್ವರ್ ಯಾವುದಕ್ಕಾಗಿ ಕಾಯುತ್ತಿದೆ ಎಂದು ಅಳೆಯಿರಿ. ಡಿಸ್ಕ್‌ಗಾಗಿ ಕಾಯುತ್ತಿದ್ದರೆ ಹಳೆಯ ಪ್ರೊಸೆಸರನ್ನೇ ಇಟ್ಟುಕೊಂಡು ಎಸ್‌ಎಸ್‌ಡಿ ಹಾಕಿ, ಮೆಮೊರಿ ಹೆಚ್ಚಿಸಿ. ಸೂಚಿಯೇ ಸರಿಯಿಲ್ಲದಿದ್ದರೆ ಅದನ್ನು ಸರಿಪಡಿಸಿ. ಅದಕ್ಕೆ ಹೊಸ ಯಂತ್ರ ಬೇಡ. ಪ್ರೊಸೆಸರೇ ದಣಿಯುತ್ತಿದ್ದರೆ ಮಾತ್ರ ಹೊಸ ತಲೆಮಾರಿನತ್ತ ನೋಡಿ. ಆಗಲೂ ಕೋರ್‌ಗಳನ್ನು ಎಣಿಸಿ ಸುಮ್ಮನಾಗದೆ ಮೆಮೊರಿಯ ದಾರಿ, ಕ್ಯಾಶ್, ಒಂದೊಂದು ಕೋರ್‌ನ ವೇಗ, ಪರವಾನಗಿ ನಾಲ್ಕನ್ನೂ ಕೂಡಿಸಿ ತೂಗಿ. ಸಾಧ್ಯವಾದರೆ ತಿಂಗಳ ಕೊನೆಯ ನಿಮ್ಮದೇ ಬಡ್ಡಿ ಲೆಕ್ಕವನ್ನು ಆಯ್ಕೆಯಲ್ಲಿರುವ ಎರಡೂ ಯಂತ್ರಗಳಲ್ಲಿ ಓಡಿಸಿ, ಬೇಗ ಮುಗಿಸಿದ್ದನ್ನು ಕೊಳ್ಳಿ.