ಬೆಲೆ ಇಳಿದರೂ ವೆಚ್ಚ ಇಳಿಯದ ವಾಹನ

ಹೊಸದಾಗಿದ್ದಾಗ ಸಿರಿವಂತರಷ್ಟೇ ಕೊಳ್ಳಬಲ್ಲ ಸ್ಪೋರ್ಟ್ಸ್ ಕಾರು ಹತ್ತು-ಹದಿನೈದು ವರ್ಷ ಕಳೆದ ಮೇಲೆ ಸಾಧಾರಣ ಕಾರಿನ ಬೆಲೆಗೆ ಮಾರಾಟಕ್ಕೆ ಬರುವುದುಂಟು. ಅಂದ ಮಾಸದಿದ್ದರೂ ಬೆಲೆ ಕುಸಿಯುವುದೇಕೆ? ಕೊಳ್ಳುವವನು ವಾಹನದೊಡನೆ ಅದರ ಮುಂದಿನ ಖರ್ಚುಗಳನ್ನೂ ಕೊಳ್ಳುತ್ತಾನೆ. ಆ ಖರ್ಚನ್ನು ಲೆಕ್ಕಹಾಕಿಯೇ ಬೆಲೆ ಕಟ್ಟುತ್ತಾನೆ.

ಜಪಾನಿನ ಮಾಜ್ದಾ ಕಂಪನಿಯು 2003ರಿಂದ 2012ರವರೆಗೆ ತಯಾರಿಸಿದ ಆರ್‌ಎಕ್ಸ್-8 ಇದಕ್ಕೆ ಉತ್ತಮ ನಿದರ್ಶನ. ಅದರ ಎಂಜಿನ್ನಿನಲ್ಲಿ ಮೇಲೆ ಕೆಳಗೆ ಚಲಿಸುವ ಪಿಸ್ಟನ್ನುಗಳಿಲ್ಲ; ತ್ರಿಕೋನಾಕಾರದ ಎರಡು ರೋಟರುಗಳು ಸುತ್ತುತ್ತವೆ. ಕೇವಲ 1.3 ಲೀಟರ್ ಗಾತ್ರದ ಎಂಜಿನ್ ಸುಮಾರು 230 ಅಶ್ವಶಕ್ತಿ ನೀಡುತ್ತಿದ್ದುದು ಅದರ ಹಿರಿಮೆ. ಆದರೆ ರೋಟರಿನ ತುದಿಗಳಲ್ಲಿರುವ ಸೀಲುಗಳು ಸವೆದರೆ ಒಳಗಿನ ಒತ್ತಡ ತಗ್ಗುತ್ತದೆ. ಬಿಸಿಯಾದ ಎಂಜಿನ್ ಮತ್ತೆ ಚಾಲೂ ಆಗಲು ತಡವರಿಸುತ್ತದೆ. ಆ ಸೀಲು ಬದಲಿಸಲು ಇಡೀ ಎಂಜಿನ್ನನ್ನೇ ಇಳಿಸಿ ಬಿಚ್ಚಬೇಕು. ಅಮೆರಿಕದಲ್ಲಿ ಕಂಪನಿಯು ಎಂಜಿನ್ನಿನ ವಾರಂಟಿಯನ್ನು 8 ವರ್ಷ ಅಥವಾ 1,00,000 ಮೈಲಿಗೆ ವಿಸ್ತರಿಸಿತು. ಅವಧಿ ಮುಗಿದ ಬಳಿಕ ದುರಸ್ತಿಯ ಹೊರೆ ಮಾಲೀಕನದೇ.

ಕಾನೂನೂ ಬೆಲೆಯನ್ನು ಕರಗಿಸಬಲ್ಲದು. ಬ್ರಿಟನ್ನಿನಲ್ಲಿ ಆ ಕಾಲದ ಕಾರುಗಳ ವಾರ್ಷಿಕ ತೆರಿಗೆ ಅವು ಉಗುಳುವ ಇಂಗಾಲದ ಡೈಆಕ್ಸೈಡಿನ ಪ್ರಮಾಣವನ್ನು ಅವಲಂಬಿಸಿದೆ. ಆರ್‌ಎಕ್ಸ್-8ರಂತಹ ಕಾರು 2006ರ ಮಾರ್ಚ್ 23ರಂದು ಅಥವಾ ಅನಂತರ ನೋಂದಣಿಯಾಗಿದ್ದರೆ ಅತ್ಯುಚ್ಚ ದರ ತೆರಬೇಕು. ಹಿಂದಿನ ದಿನ ನೋಂದಣಿಯಾಗಿದ್ದರೆ ತೆರಿಗೆ ಅದಕ್ಕಿಂತ ಕಡಿಮೆ. ಕಾರು ಒಂದೇ, ಹೊರೆ ಬೇರೆ. ಅಪರೂಪದ ಕೆಲವು ಮಾದರಿಗಳು ಸಂಗ್ರಾಹಕರ ಪಾಲಾಗಿ ಬೆಲೆ ಏರಿಸಿಕೊಳ್ಳುವುದುಂಟು. ಉಳಿದವುಗಳಿಗೆ ಆ ಭಾಗ್ಯವಿಲ್ಲ.

ನಮ್ಮಲ್ಲಿ ಸ್ಪೋರ್ಟ್ಸ್ ಕಾರು ಕೊಳ್ಳುವವರು ವಿರಳ. ಆದರೆ ಮಕ್ಕಳ ಕಾಲೇಜಿಗೆಂದು ಹಳೆಯ ಬೈಕನ್ನೋ ಸಂಸಾರಕ್ಕೆಂದು ಹಳೆಯ ಕಾರನ್ನೋ ಕೊಳ್ಳುವವರು ಅನೇಕರು. ಅವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 41ನೆಯ ಕಲಮಿನಂತೆ ಖಾಸಗಿ ವಾಹನದ ನೋಂದಣಿ 15 ವರ್ಷ ಮಾತ್ರ ಸಿಂಧು, ಬಳಿಕ ನವೀಕರಿಸಬೇಕು. 47ನೆಯ ಕಲಮಿನಂತೆ, ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಮತ್ತೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಇರಿಸಿಕೊಂಡರೆ ಸಾಮಾನ್ಯವಾಗಿ ಅಲ್ಲಿಯ ನೋಂದಣಿ ಸಂಖ್ಯೆಯನ್ನು ಪಡೆಯಬೇಕು. ಅಲ್ಲಿಯ ತೆರಿಗೆಯನ್ನೂ ತೆರಬೇಕಾಗುತ್ತದೆ. ಗಡಿಯ ಎರಡೂ ಬದಿಗಳಲ್ಲಿ ನಂಟು, ವ್ಯವಹಾರಗಳಿರುವ ನಾವು ಇದನ್ನು ಮರೆಯಬಾರದು.

ಆದುದರಿಂದ ಮುಂಗಡ ಕೊಡುವ ಮೊದಲು ಮೂರನ್ನು ವಿಚಾರಿಸಿರಿ: ನೋಂದಣಿ ಇನ್ನೆಷ್ಟು ವರ್ಷ ಉಳಿದಿದೆ, ಕಟ್ಟಬೇಕಾದ ತೆರಿಗೆ ಎಷ್ಟು, ಬಿಡಿಭಾಗಗಳು ಹತ್ತಿರದಲ್ಲಿ ದೊರೆಯುತ್ತವೆಯೇ. ಇವುಗಳ ಮೊತ್ತವನ್ನು ಕೂಡಿಸಿದ ಮೇಲೆ ತಿಳಿಯುವುದೇ ವಾಹನದ ನಿಜವಾದ ಬೆಲೆ.